ಬಾಗಿಲ ಹಿಂದಿನ ಕೊಕ್ಕೆ

ಭಾನುವಾರದ ಪುರವಣಿಯಲ್ಲಿ ಮತ್ತೆ ಆ ಪಟ್ಟಿ ಬಂದಿದೆ. ಒಂಟಿಯಾಗಿ ಪ್ರವಾಸ ಹೊರಡುವ ಹೆಣ್ಣುಮಕ್ಕಳಿಗೆ ಕಿವಿಮಾತು. ಬ್ಯಾಗಿನಲ್ಲಿ ಮೆಣಸಿನಪುಡಿಯ ಸ್ಪ್ರೇ ಇರಲಿ, ಕೊರಳಲ್ಲಿ ಸೀಟಿ ಇರಲಿ, ಒಡವೆ ಬೇಡ, ಅಪರಿಚಿತರ ಜೊತೆ ಮಾತು ಬೇಡ, ಕತ್ತಲಾಗುವ ಮೊದಲೇ ರೂಮು ಸೇರಿಕೊಳ್ಳಿ, ಮದುವೆ ಆಗಿಲ್ಲದಿದ್ದರೂ ಒಂದು ಕರಿಮಣಿ ಸರ ಹಾಕಿಕೊಳ್ಳಿ. ಹೊಸೂರಿನ ಬಸ್ ನಿಲ್ದಾಣದಲ್ಲಿ, ಡೆಂಕಣಿಕೋಟೆಯ ಬಸ್ಸು ಹೊರಡುವುದನ್ನೇ ಕಾಯುತ್ತ ಕಿಟಕಿ ಪಕ್ಕ ಕೂತಿದ್ದ ಹೆಂಗಸೊಬ್ಬರು ಅದನ್ನು ಜೋರಾಗಿ ಓದುತ್ತಿದ್ದರು. ಪಕ್ಕದ ಸೀಟಿನ ಅಜ್ಜಿಯ ಮಡಿಲಲ್ಲಿ ಸೇವಂತಿಗೆಯ ಚೀಲ. ಅಜ್ಜಿ ಪಟ್ಟಿಯನ್ನು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಒಂದಕ್ಕೆ ಎಲ್ಲಿಗೆ ಹೋಗ್ಬೇಕು ಅಂತ ಬರದವ್ರೇನಮ್ಮಾ?”

ಬರೆದಿರಲಿಲ್ಲ.

ಇಂಥ ಪಟ್ಟಿಗಳಲ್ಲಿ ಯಾವತ್ತೂ ಬರೆದಿರುವುದಿಲ್ಲ. ಬೆಳಿಗ್ಗೆ ಬೆಳಿಗ್ಗೆಯೇ ರೇಗುವುದಕ್ಕೆ ಅಷ್ಟು ಸಾಕು. ಹೆಣ್ಣುಮಕ್ಕಳಿಗೆ ಊರು ಹೇಳುವ ಮಾತು ಭಯದಿಂದ ಶುರುವಾಗಿ ಭಯದಲ್ಲೇ ಮುಗಿಯುತ್ತದೆ. ಹೆಣ್ಣುಮಕ್ಕಳು ತಮ್ಮತಮ್ಮೊಳಗೆ ಹೇಳಿಕೊಳ್ಳುವ ಮಾತಿನ ಧಾಟಿಯೇ ಬೇರೆ. ಯಾವ ಬಸ್ಸಿಗೆ ಹೋದರೆ ಸೀಟು ಸಿಗುತ್ತದೆ, ಯಾವ ಹೋಟೆಲಿನ ಹಿಂಬದಿಯ ಬಾಗಿಲಿಗೆ ಚಿಲಕ ಇದೆ, ಯಾವ ಗುಡಿಯ ಮಂಟಪದಲ್ಲಿ ಮಧ್ಯಾಹ್ನ ಕಾಲು ಚಾಚಿ ಕೂರಬಹುದು, ಯಾವ ಊರಿನ ಕೊನೇ ಬಸ್ಸನ್ನು ನಂಬಿ ಕೂರಬಾರದು. ನಾಲ್ಕಾರು ತಲೆಮಾರಿನ ಹೆಂಗಸರು ಜಾತ್ರೆ, ಮದುವೆ, ಹೆರಿಗೆ, ಆಸ್ಪತ್ರೆ ಎಂದು ಓಡಾಡಿ ಕಲಿತ ವಿದ್ಯೆ ಇದು. ಅಚ್ಚಿಗೆ ಹೋಗಬೇಕಾದದ್ದು ಇದೇ.

ಸುರಕ್ಷತೆಯ ಮಾತನ್ನು ಎರಡೇ ಸಾಲಿನಲ್ಲಿ ಮುಗಿಸಬಹುದು. ತುರ್ತು ಕರೆಗೆ 112, ಮಹಿಳಾ ಸಹಾಯವಾಣಿಗೆ 181, ರೈಲಿನಲ್ಲಾದರೆ 139. ಕರ್ನಾಟಕ–ತಮಿಳುನಾಡು ನಡುವಿನ ಅತ್ತಿಬೆಲೆಯ ಗಡಿಯ ಈಚೆಗೂ ಆಚೆಗೂ ಇವೇ ಸಂಖ್ಯೆಗಳು. ಹತ್ತಿದ ಬಸ್ಸಿನ ನಂಬರನ್ನು ಮನೆಯವರಿಗೆ ಕಳಿಸಿ. ಇದೆಲ್ಲ ಎಲ್ಲರಿಗೂ ಗೊತ್ತು. ಯಾರೂ ಬರೆಯದೇ ಬಿಟ್ಟದ್ದು ನೀರಿನ ಮಾತು.

ಪ್ರಯಾಣದ ಹಿಂದಿನ ಗಂಟೆಯಿಂದಲೇ ನೀರು ಬಿಡುವ ಹೆಂಗಸರು ಮನೆಮನೆಯಲ್ಲೂ ಇದ್ದಾರೆ. ಬೆಳಗಿನ ಕಾಫಿ ಅರ್ಧ ಲೋಟ, ದಾರಿಯಲ್ಲಿ ಗಂಟಲು ಒಣಗಿದರೆ ಒಂದು ಗುಟುಕು, ಎಳನೀರು ಕೊಡಿಸುತ್ತೇನೆಂದರೆ “ಬೇಡ ಕಣೋ”. ಹೊಸೂರಿನಿಂದ ಕೃಷ್ಣಗಿರಿಗೆ ಐವತ್ತು ಕಿಲೋಮೀಟರಿನಷ್ಟು ದಾರಿ. ಶೂಳಗಿರಿ ದಾಟಿ ಇಳಿಯುತ್ತಿದ್ದಂತೆ ಸೆಕೆ ಏರುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ ಅದಕ್ಕಿಂತ ಬಹಳ ಕೆಳಗೆ. ಬೆಳಿಗ್ಗೆ ಸ್ವೆಟರು ಬೇಕಿದ್ದವರಿಗೆ ಹನ್ನೊಂದು ಗಂಟೆಗೆ ಕೊಡೆ ಬೇಕಾಗುತ್ತದೆ. ನೀರು ಬೇಕಾಗುವುದೂ ಆಗಲೇ, ನೀರು ಬೇಡ ಎನ್ನುವುದೂ ಆಗಲೇ. ಹೀಗೆ ನೀರು ಬಿಟ್ಟು, ಬಂದದ್ದನ್ನು ತಡೆದು ಕೂತರೆ ಸಂಜೆಗೆ ತಲೆನೋವು, ಎರಡು ದಿನಕ್ಕೆ ಉರಿಮೂತ್ರ, ಆಮೇಲೆ ಡಾಕ್ಟರ ಹತ್ತಿರ ಮಾತ್ರೆ. ಮೂತ್ರನಾಳದ ಸೋಂಕು ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು. ಅವರ ಮೂತ್ರನಾಳ ಗಿಡ್ಡ, ಸೋಂಕು ಮೇಲೇರುವುದು ಸುಲಭ. ಪ್ರವಾಸ ಹೋಗಿ ಬಂದ ಅಮ್ಮನಿಗೆ “ಹೊರಗಿನ ಊಟ ಒಗ್ಗಲಿಲ್ಲ” ಎನ್ನುವ ಮಕ್ಕಳು ಆ ದಿನ ಅಮ್ಮ ಎಷ್ಟು ನೀರು ಕುಡಿದಳು ಎಂದು ಕೇಳಿಕೊಂಡರೆ ಒಳ್ಳೆಯದು.

ಇನ್ನು ಆ ಬಾಗಿಲು. ಹೆದ್ದಾರಿಯ ಒಂದು ಹೋಟೆಲಿನ ಹಿಂಬದಿ ಎಂದಿಟ್ಟುಕೊಳ್ಳಿ. ಗಾಜಿನ ಮುಂಬಾಗಿಲು, ಸ್ಟೀಲಿನ ಕೈತೊಳೆಯುವ ತೊಟ್ಟಿ, ತಟ್ಟೆಯಗಲದ ದೋಸೆ, ಎಲ್ಲ ಚೆನ್ನಾಗಿದೆ. ಹಿಂದಕ್ಕೆ ಹೋದರೆ ಪ್ಲಾಸ್ಟಿಕ್ ಬಾಗಿಲು. ಚಿಲಕ ಇದ್ದರೆ ಅದು ಕೂರುವ ತೂತು ಇಲ್ಲ. ನೆಲವೆಲ್ಲ ಒದ್ದೆ. ಹೆಗಲಲ್ಲಿ ಬ್ಯಾಗು, ಅದರೊಳಗೆ ಫೋನು, ದುಡ್ಡು, ಆಧಾರ್ ಕಾರ್ಡು, ಮಗುವಿನ ಬಟ್ಟೆ, ಬಾಚಣಿಗೆ, ಊಟದ ಡಬ್ಬಿ. ಒಂದು ಕೈ ಬಾಗಿಲನ್ನು ಒತ್ತಿ ಹಿಡಿಯಬೇಕು. ಇನ್ನೊಂದು ಕೈ ಸೀರೆಯ ನಿರಿಗೆಯನ್ನೋ ಚೂಡಿದಾರವನ್ನೋ ಎತ್ತಿ ಹಿಡಿಯಬೇಕು. ಬ್ಯಾಗು ಎಲ್ಲಿಡಬೇಕು? ನೆಲದ ಮೇಲೆ ಇಡುವ ಹಾಗಿಲ್ಲ. ಕಿಟಕಿಯ ಕಟ್ಟೆ ಇಳಿಜಾರು. ನಲ್ಲಿಗೆ ನೇತುಹಾಕಿದರೆ ನಲ್ಲಿ ತಿರುಗಿ ನೀರು ಬರುತ್ತದೆ. ಕೊನೆಗೆ ಬ್ಯಾಗಿನ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದುಕೊಳ್ಳುವುದು. ಇದನ್ನು ಓದುವ ಗಂಡಸರಿಗೆ ಅತಿಯೆನಿಸಿದರೆ ಮನೆಯ ಹೆಂಗಸರನ್ನು ಕೇಳಿ ನೋಡಲಿ. ಹಲ್ಲಲ್ಲಿ ಕಚ್ಚಿ ಹಿಡಿಯದ ಹೆಂಗಸು ಒಬ್ಬಳೂ ಸಿಗಲಾರಳು.

ಬೇಕಾಗಿರುವುದು ಒಂದು ಕೊಕ್ಕೆ. ಎರಡು ಸ್ಕ್ರೂ, ಒಂದು ಕೊಕ್ಕೆ. ಯಾವ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಒಂದು ಮಸಾಲೆ ದೋಸೆಯ ದುಡ್ಡೂ ಆಗುವುದಿಲ್ಲ. ಬಾಗಿಲ ಒಳಮೈಯಲ್ಲಿ, ಎದೆಯೆತ್ತರಕ್ಕೆ, ಬಡಗಿ ಬಂದು ಐದು ನಿಮಿಷದಲ್ಲಿ ಹಾಕಿ ಹೋಗುವ ಕೆಲಸ. ಬಾಗಿಲ ತೀರ ಮೇಲ್ತುದಿಗೆ ಹಾಕಬಾರದು, ಗಿಡ್ಡನೆಯ ಹೆಂಗಸಿಗೆ ಕೈಗೆಟುಕುವುದಿಲ್ಲ. ಕೋಟ್ಯಂತರ ರೂಪಾಯಿಯ ಬಸ್ ನಿಲ್ದಾಣ, ಆರು ಪಥದ ರಸ್ತೆ, ಮೇಲ್ಸೇತುವೆ ಎಲ್ಲದರ ನಕ್ಷೆಯಲ್ಲೂ ಈ ಕೊಕ್ಕೆ ತಪ್ಪಿಹೋಗುತ್ತದೆ. ಸಾವಿರಾರು ರೂಪಾಯಿ ಬಾಡಿಗೆಯ ಲಾಡ್ಜಿನ ಸ್ನಾನದಮನೆಯಲ್ಲಿ ಅದು ಇರುತ್ತದೆ. ಅಲ್ಲಿ ಬ್ಯಾಗು ಇಡಲು ಬೇರೆ ಇಡೀ ಕೋಣೆಯೇ ಇದೆ. ಎರಡು ರೂಪಾಯಿಯೋ ಐದು ರೂಪಾಯಿಯೋ ಕೊಟ್ಟು ಒಳಗೆ ಹೋಗುವ ಕಡೆ ಇರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಪ್ಯಾಡ್ ಬದಲಿಸಬೇಕಾದವಳಿಗೆ, ಸೊಂಟದ ಮೇಲೆ ಮಗು ಇರುವವಳಿಗೆ, ಮಂಡಿನೋವಿನಿಂದ ಗೋಡೆ ಹಿಡಿದು ಏಳಬೇಕಾದ ಅಜ್ಜಿಗೆ ಆ ಕೊಕ್ಕೆ ಎಷ್ಟು ದೊಡ್ಡದೆಂದು ಹಾಕಿಸಬೇಕಾದವರಿಗೆ ಗೊತ್ತಾಗಬೇಕು. ಕೊಕ್ಕೆಯ ಜೊತೆಗೆ ಮುಚ್ಚಳವಿರುವ ಒಂದು ಕಸದ ಡಬ್ಬಿ, ಉರಿಯುವ ಒಂದು ಬಲ್ಬು. ಹೆಣ್ಣುಮಕ್ಕಳ ಪ್ರವಾಸೋದ್ಯಮ ಎಂಬ ದೊಡ್ಡ ಮಾತನ್ನು ಸರಕಾರಗಳು ಈ ಮೂರರಿಂದ ಶುರುಮಾಡಬಹುದು.

ಅಲ್ಲಿಯವರೆಗೆ ಬುದ್ಧಿವಂತೆಯರು ತಮ್ಮ ಕೊಕ್ಕೆಯನ್ನು ತಾವೇ ಒಯ್ಯುತ್ತಾರೆ. ಎಸ್ ಆಕಾರದ ಸ್ಟೀಲ್ ಕೊಕ್ಕೆ, ಅಡುಗೆಮನೆಯಲ್ಲಿ ಸೌಟು ನೇತುಹಾಕುವಂಥದ್ದು, ಕೈಚೀಲದ ಮೂಲೆಯಲ್ಲಿ ಇರುತ್ತದೆ. ಬಾಗಿಲ ನೆತ್ತಿಗೆ ಸಿಕ್ಕಿಸಿದರೆ ಬ್ಯಾಗು ನೇತುಬೀಳುತ್ತದೆ. ಚಿಲಕವಿಲ್ಲದ ಬಾಗಿಲಿಗೆ ಒಂದು ಮೊಳ ನೈಲಾನ್ ಹಗ್ಗ. ಲಾಡ್ಜಿನ ಕೋಣೆಯ ಬಾಗಿಲಡಿಗೆ ತುರುಕಲು ಒಂದು ಮರದ ಬೆಣೆ. ಹಳೇ ಪತ್ರಿಕೆ ನಾಲ್ಕು ಹಾಳೆ, ಒಂದು ಸೋಪಿನ ಚೂರು. ಮೆಣಸಿನಪುಡಿಗಿಂತ ದಿನಾ ಉಪಯೋಗಕ್ಕೆ ಬರುವ ಸಾಮಾನುಗಳಿವು.

ರೈಲ್ವೆಯ ಚರಿತ್ರೆಯಲ್ಲಿ ಇದಕ್ಕೆ ಸಂಬಂಧಪಟ್ಟ ಒಂದು ಪ್ರಸಿದ್ಧ ಕಾಗದ ಇದೆ. 1909ರಲ್ಲಿ ಒಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಪ್ರಯಾಣಿಕ ಸಾಹಿಬ್‌ಗಂಜ್ ವಿಭಾಗದ ಕಚೇರಿಗೆ ಬರೆದ ದೂರು. ಅಹಮದ್‌ಪುರ ನಿಲ್ದಾಣದಲ್ಲಿ ಹಲಸಿನ ಹಣ್ಣು ಹೆಚ್ಚಾಗಿ ಹೊಟ್ಟೆ ಕೆಟ್ಟು, ಇಳಿದು ಬಯಲಿಗೆ ಹೋಗಿದ್ದಾಗ ಗಾರ್ಡು ಸೀಟಿ ಊದಿಬಿಟ್ಟ, ಗಾಡಿ ಹೊರಟುಹೋಯಿತು. ಕೆಳದರ್ಜೆಯ ಬೋಗಿಗಳಿಗೆ ಶೌಚಾಲಯ ಬಂದದ್ದು ಆ ಕಾಗದದ ಫಲ ಎಂದು ಹೇಳುತ್ತಾರೆ. ದೆಹಲಿಯ ರೈಲ್ವೆ ಮ್ಯೂಸಿಯಂ ಆ ಕಾಗದವನ್ನು ಪ್ರದರ್ಶಿಸಿದೆ. ಓದಿದಾಗಲೆಲ್ಲ ಏಳುವ ಪ್ರಶ್ನೆ ಒಂದೇ. ಅದಕ್ಕೂ ಮುಂಚಿನ ಐವತ್ತಕ್ಕೂ ಹೆಚ್ಚು ವರ್ಷ ಅವೇ ಬೋಗಿಗಳಲ್ಲಿ ಕೂತು ಹೋದ ಹೆಂಗಸರು ಏನು ಮಾಡುತ್ತಿದ್ದರು? ಓಡಿಹೋಗಿ ಬಯಲಲ್ಲಿ ಕೂರುವ ಸ್ವಾತಂತ್ರ್ಯವೂ ಅವರಿಗಿರಲಿಲ್ಲ. ಅವರ ದೂರು ಯಾವ ಮ್ಯೂಸಿಯಮ್ಮಿನಲ್ಲೂ ಇಲ್ಲ.

ಹಾಗಾಗಿಯೇ ಹೊಸೂರಿನ ಹೆಂಗಸರ ಮೊದಲ ಸಲಹೆ: ದೂರಕ್ಕಾದರೆ ರೈಲು ಹಿಡಿಯಿರಿ. ಬೋಗಿಯಲ್ಲೇ ಶೌಚಾಲಯ ಇದೆ, ಎದ್ದು ಓಡಾಡಬಹುದು, ನೀರು ಕುಡಿಯಬಹುದು. ಬೆಂಗಳೂರು–ಸೇಲಂ ಮಾರ್ಗ ಹೊಸೂರು, ರಾಯಕೋಟೆ, ಧರ್ಮಪುರಿ ಮೂಲಕ ಹೋಗುತ್ತದೆ. 2023ರ ಡಿಸೆಂಬರ್ ಕೊನೆಯಲ್ಲಿ ಶುರುವಾದ ಕೊಯಮತ್ತೂರು–ಬೆಂಗಳೂರು ವಂದೇ ಭಾರತ್ ಕೂಡ ಇದೇ ಹಾದಿ. ಜಿಲ್ಲಾ ಕೇಂದ್ರವಾದ ಕೃಷ್ಣಗಿರಿಗೇ ರೈಲಿಲ್ಲ, ಅಲ್ಲಿಗೆ ಬಸ್ಸೇ ಗತಿ. ಬಸ್ಸಿನ ದಾರಿಯಲ್ಲಿ ಪೆಟ್ರೋಲ್ ಬಂಕುಗಳನ್ನು ಗುರುತು ಮಾಡಿಟ್ಟುಕೊಳ್ಳುವವರಿದ್ದಾರೆ. ಬಂಕುಗಳಲ್ಲಿ ಶೌಚಾಲಯ, ಕುಡಿಯುವ ನೀರು ಇರಬೇಕೆಂಬುದು ತೈಲ ಕಂಪನಿಗಳದೇ ನಿಯಮ. ಸಂಕೋಚ ಬಿಟ್ಟು ಬೀಗದ ಕೈ ಕೇಳಬೇಕು.

ಪಟ್ಟಿ ಎಂದಾಗ ಅಕ್ಕಮಹಾದೇವಿ ನೆನಪಾಗುತ್ತಾಳೆ. ಹನ್ನೆರಡನೆಯ ಶತಮಾನದಲ್ಲಿ ಶಿವಮೊಗ್ಗೆಯ ಸೀಮೆಯ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದುಹೋದವಳು. ಅವಳ ಒಂದು ವಚನದಲ್ಲಿ ದಾರಿಹೋಕಳ ಅಗತ್ಯಗಳ ಲೆಕ್ಕವೇ ಇದೆ: ಹೊಟ್ಟೆಗೆ ಏನು, ಗಂಟಲಿಗೆ ಏನು, ರಾತ್ರಿ ಮಲಗುವುದೆಲ್ಲಿ, ಜೊತೆಗೆ ಯಾರು. ಒಂದೊಂದಕ್ಕೂ ಉತ್ತರ ಕೊಟ್ಟು, ಜೊತೆಯ ಪ್ರಶ್ನೆಗೆ ಚೆನ್ನಮಲ್ಲಿಕಾರ್ಜುನನ ಹೆಸರು ಹೇಳಿ ಮುಗಿಸುತ್ತಾಳೆ. ಕನ್ನಡದಲ್ಲಿ ಹೆಣ್ಣೊಬ್ಬಳು ಬರೆದ ಮೊದಲ ಪ್ರವಾಸದ ಸಲಹೆ ಎಂದು ಅದನ್ನು ಓದಿಕೊಳ್ಳಬಹುದು. ಊಟ ಊರ ಜನರದು, ನೀರು ನೆಲದ್ದು, ಸೂರು ಯಾರೂ ಬಳಸದೆ ಬಿಟ್ಟ ಗುಡಿಯದು. ಅದರಲ್ಲಿ ಭಯದ ಮಾತಿಲ್ಲ. ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂಬ ಮಾತಿದೆ. ಎಂಟುನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಪುರವಣಿಗಳು ಅಷ್ಟಾದರೂ ಕಲಿಯಬಾರದೇ? ನಮ್ಮ ಕಾಲದಲ್ಲಿ ನೇಮಿಚಂದ್ರ ಅದೇ ಹಾದಿಯವರು. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಅವರು ಗೆಳತಿಯೊಡನೆ ದಕ್ಷಿಣ ಅಮೆರಿಕಕ್ಕೆ ಹೋಗಿಬಂದು ಬರೆದ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಓದಿ ಬೆನ್ನಚೀಲ ಕೊಂಡ ಹುಡುಗಿಯರು ಕರ್ನಾಟಕದಲ್ಲಿ ಬಹಳ ಮಂದಿ ಇರಬೇಕು. ಪೆರು ದೂರವಾಯಿತು. ರಾಯಕೋಟೆ ಹತ್ತಿರ.

ರಾಯಕೋಟೆಗೆ ಬೆಳಗಿನ ರೈಲೇ ಚೆಂದ. ಕೆಲಮಂಗಲ ದಾಟಿದ ಮೇಲೆ ಬಂಡೆಗಳು ದೊಡ್ಡದಾಗುತ್ತ ಹೋಗುತ್ತವೆ, ಆಮೇಲೆ ಬೆಟ್ಟವೇ ಎದ್ದು ನಿಲ್ಲುತ್ತದೆ. ಬಾರಾಮಹಲ್ ಎಂಬ ಹಳೆಯ ಸೀಮೆಯ ಕೋಟೆಗಳಲ್ಲಿ ಇದು ಬಹಳ ಮುಖ್ಯವಾದದ್ದು, ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರಲ್ಲಿ, ಇಂಗ್ಲಿಷರ ಕೈಸೇರಿತು. ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಡೀ ಬಾರಾಮಹಲನ್ನು ಟಿಪ್ಪು ಬಿಟ್ಟುಕೊಡಬೇಕಾಯಿತು. 1799ರ ಮಾರ್ಚಿನಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯ ಮೈಸೂರು ಸೀಮೆಗೆ ನುಗ್ಗಿದ್ದೂ ರಾಯಕೋಟೆಯ ಕಡೆಯಿಂದಲೇ. ಹತ್ತುವ ದಾರಿಯಲ್ಲಿ ನೆರಳು ಕಡಿಮೆ. ಹೋಗಿಬಂದವರು ಹೇಳುವುದಿಷ್ಟು: ಸೂರ್ಯ ಏರುವ ಮೊದಲು ಹತ್ತಿಬಿಡಿ, ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ, ಕೆಳಗೆ ಊರಲ್ಲೇ ಎಲ್ಲ ಮುಗಿಸಿಕೊಂಡು ಹೊರಡಿ, ಮೇಲೆ ಯಾವ ವ್ಯವಸ್ಥೆಯೂ ಇಲ್ಲ. ರಾಯಕೋಟೆಯಲ್ಲಿ ನಿಲ್ಲುವ ಗಾಡಿಗಳು ಕಡಿಮೆ. ವಾಪಸಿನ ವೇಳೆಯನ್ನು ಇಳಿಯುವಾಗಲೇ ಕೇಳಿಟ್ಟುಕೊಳ್ಳಬೇಕು.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನ ಹೆಂಡತಿ ಹೆನ್ರಿಯೆಟ್ಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬೆಂಗಳೂರು, ಶ್ರೀರಂಗಪಟ್ಟಣ ನೋಡಲು ಹೊರಟಳು. ಗಂಡ ಮದರಾಸಿನಲ್ಲೇ ಉಳಿದ. ಜೊತೆಗೆ ಅನ್ನಾ ತೊನೆಲ್ಲಿ ಎಂಬ ಇಟಲಿಯ ಚಿತ್ರಗಾರ್ತಿ, ಆನೆಗಳು, ಎತ್ತುಗಳು, ಡೇರೆಗಳು, ನೂರಾರು ಆಳುಕಾಳು, ಒಂದು ಪಿಯಾನೋ ಕೂಡ. ಕಿರಿಯ ಮಗಳು ಷಾರ್ಲಟ್‌ಗೆ ಆಗ ಹನ್ನೆರಡು ವರ್ಷ. ಅವಳು ಬರೆದಿಟ್ಟ ದಿನಚರಿ ಉಳಿದಿದೆ. ಮುಂದೆ ಅವಳೇ ವಿಕ್ಟೋರಿಯಾ ರಾಣಿಗೆ ಬಾಲ್ಯದಲ್ಲಿ ಪಾಠದ ಮೇಲ್ವಿಚಾರಕಿಯಾದಳು. ಗಂಡಸರ ಯುದ್ಧ ಮುಗಿದ ನೆಲವನ್ನು ಹೆಂಗಸರ ಗುಂಪೊಂದು ತಿಂಗಳುಗಟ್ಟಲೆ ಸುತ್ತಿ ನೋಡಿತು ಎಂಬುದು ಮನಸ್ಸಿಗೆ ಹಿಡಿಸುವ ಸಂಗತಿ. ಆದರೆ ಅವರ ಡೇರೆ ಅವರ ಜೊತೆಗೇ ಬರುತ್ತಿತ್ತು. ಆ ಡೇರೆಗಳಿಗೆ ನೀರು ಹೊತ್ತ, ಮಕ್ಕಳ ಬಟ್ಟೆ ಒಗೆದ ಹೆಂಗಸರೂ ಅಷ್ಟೇ ದೂರ ನಡೆದಿರಬೇಕು. ಅವರ ದಿನಚರಿ ಸಿಕ್ಕಿದ್ದರೆ ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಕೃಷ್ಣಗಿರಿ 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಬೇರೆಯಾದ ಜಿಲ್ಲೆ. ಇಲ್ಲಿಗೆ ಬರುವವರು ಹೆಚ್ಚಾಗಿ ಅಣೆಕಟ್ಟು ನೋಡಿ, ಮೀನು ತಿಂದು ಹೊರಡುತ್ತಾರೆ. ಊರೊಳಗೆ ಸರಕಾರಿ ಮ್ಯೂಸಿಯಂ ಇದೆ, ಅಲ್ಲಿ ವೀರಗಲ್ಲುಗಳಿವೆ. ದನ ಬಿಡಿಸಲು ಹೋಗಿ ಸತ್ತವರು, ಹುಲಿಯೊಡನೆ ಕಾದಾಡಿ ಸತ್ತವರು ಕಲ್ಲಿನಲ್ಲಿ ನಿಲ್ಲುವ ನಾಡು ಇದು. ಗಂಡನ ಚಿತೆಯೇರಿದ ಹೆಂಗಸರ ನೆನಪಿಗೆ ನಿಲ್ಲಿಸಿದ ಈ ಸೀಮೆಯ ಮಾಸ್ತಿಕಲ್ಲುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು. ಬಳೆ ತೊಟ್ಟ ಕೈ ಮೇಲಕ್ಕೆತ್ತಿದೆ. ಅವಳು ಎಲ್ಲಿಂದ ಬಂದವಳು, ಮದುವೆಯಾಗಿ ಎಷ್ಟು ದೂರ ಬಂದಿದ್ದಳು ಎಂಬುದನ್ನು ಕಲ್ಲು ಹೇಳುವುದಿಲ್ಲ. ಹೊಯ್ಸಳ ರಾಮನಾಥ ಹದಿಮೂರನೆಯ ಶತಮಾನದ ಕೊನೆಗೆ ರಾಜಧಾನಿ ಮಾಡಿಕೊಂಡಿದ್ದ ಕುಂದಾಣಿ ಈ ಜಿಲ್ಲೆಯಲ್ಲೇ ಇದೆ. ಬೇಲೂರು, ಹಳೇಬೀಡಿಗೆ ಬಸ್ಸು ಕಟ್ಟಿಕೊಂಡು ಹೋಗುವ ಕನ್ನಡಿಗರಿಗೆ ಇದರ ಸುಳಿವೇ ಇಲ್ಲ. ಮಲ್ಲಚಂದ್ರದ ಬಂಡೆಯ ಮೇಲೆ ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಗೋರಿಗಳು ನೂರರ ಲೆಕ್ಕದಲ್ಲಿವೆ. ಬರಗೂರಿನ ಕಡೆಯ ಮಯಿಲಾಡುಂಪಾರೆಯಲ್ಲಿ ಸಿಕ್ಕ ಕಬ್ಬಿಣ ನಾಲ್ಕು ಸಾವಿರ ವರ್ಷಕ್ಕೂ ಹಳೆಯದು, ಕ್ರಿ.ಪೂ. 2172ರಷ್ಟು ಹಿಂದಿನದು ಎಂದು 2022ರಲ್ಲಿ ತಮಿಳುನಾಡು ಸರಕಾರ ವಿಧಾನಸಭೆಯಲ್ಲಿ ಪ್ರಕಟಿಸಿತು. ಮಲ್ಲಚಂದ್ರಕ್ಕೆ ಇಬ್ಬರು ಮೂವರು ಸೇರಿ ಹೋಗುವುದು ಒಳ್ಳೆಯದು. ಅಲ್ಲಿ ಫಲಕಗಳಿಗಿಂತ ದಾರಿ ತೋರಿಸುವ ಕುರಿಗಾಹಿಗಳನ್ನೇ ನಂಬಬೇಕು. ಕನ್ನಡ, ತೆಲುಗು, ತಮಿಳು ಮೂರನ್ನೂ ಬೆರೆಸಿ ಆಡುವ ಸೀಮೆ. ವಯಸ್ಸಾದ ಹೆಂಗಸನ್ನು “ಅಮ್ಮಾ” ಎಂದು ಕೂಗಿ ಕನ್ನಡದಲ್ಲೇ ಕೇಳಿದರೂ ದಾರಿ ಸಿಗುತ್ತದೆ.

ಕೃಷ್ಣಗಿರಿ ಅಣೆಕಟ್ಟಿಗೆ ಬರುವ ನೀರು ನಂದಿಬೆಟ್ಟದ ಕಡೆ ಹುಟ್ಟಿದ ದಕ್ಷಿಣ ಪಿನಾಕಿನಿಯದು. ಇಲ್ಲಿ ಅದು ತೆನ್‌ಪೆಣ್ಣೆ. ಹೊಸೂರಿನ ಪಕ್ಕದ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ಜೋರು ಮಳೆಯಾದಾಗಲೆಲ್ಲ ಬಿಳಿ ನೊರೆ ಆಳೆತ್ತರ ಏಳುತ್ತದೆ. ಫೋಟೋದಲ್ಲಿ ಚೆಂದ ಕಾಣುವ ಆ ನೊರೆ ಬೆಂಗಳೂರಿನ ಕೊಳಚೆಯದು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಬೆಂಗಳೂರಿಗರಿಗೆ ಈ ಮಾತನ್ನು ಹೇಳಲೇಬೇಕು. ಮಕ್ಕಳ ಕೈಯನ್ನು ನೀರಿಗೆ ಅದ್ದಿಸಬೇಡಿ.

ಹೊಗೇನಕಲ್‌ಗೆ ಹೊಸೂರಿನಿಂದ ಡೆಂಕಣಿಕೋಟೆ, ಅಂಚೆಟ್ಟಿ ದಾಟಿ ಕಾಡಿನ ದಾರಿ ಇದೆ. ಡೆಂಕಣಿಕೋಟೆಯಲ್ಲಿ ಇಳಿದು ಬೆಟ್ಟರಾಯಸ್ವಾಮಿಗೆ ಕೈಮುಗಿದು ಮುಂದೆ ಹೋಗುವುದು ಹಳಬರ ಕ್ರಮ. ಆಮೇಲಿನದು ಕಾವೇರಿ ಉತ್ತರ ವನ್ಯಧಾಮದ ಕಾಡು, 2014ರಲ್ಲಿ ಘೋಷಣೆಯಾದದ್ದು. ರಾಗಿ ಕೊಯ್ಲಿನ ತಿಂಗಳುಗಳಲ್ಲಿ ಬನ್ನೇರುಘಟ್ಟದ ಕಡೆಯಿಂದ ಆನೆಹಿಂಡುಗಳು ತಳಿ, ಜವಳಗಿರಿ, ಡೆಂಕಣಿಕೋಟೆಯ ಹೊಲಗಳಿಗೆ ಇಳಿಯುತ್ತವೆ. “ಕತ್ತಲಾಗುವ ಮೊದಲು ವಾಪಸು ಬನ್ನಿ” ಎಂಬ ಮಾತಿಗೆ ನಿಜವಾದ ಅರ್ಥ ಇರುವುದು ಈ ದಾರಿಯಲ್ಲಿ. ಅದು ಗಂಡಸರಿಗೂ ಹೆಂಗಸರಿಗೂ ಒಂದೇ. ಮುಂಗಾರಿನಲ್ಲಿ ಕಾವೇರಿ ತುಂಬಿದರೆ ತೆಪ್ಪ ಬಿಡುವುದಿಲ್ಲ, ಹೊರಡುವ ಮೊದಲು ನೀರಿನ ಸುದ್ದಿ ನೋಡಿಕೊಳ್ಳಬೇಕು. ತೆಪ್ಪ ಹತ್ತಿದರೆ ಲೈಫ್ ಜಾಕೆಟ್ಟಿನ ಪಟ್ಟ ಬಿಗಿಯಾಗಿ ಕಟ್ಟಿಸಿಕೊಳ್ಳಿ. ಮಿಂದ ಮೇಲೆ ಬಟ್ಟೆ ಬದಲಿಸುವುದು ಹೆಂಗಸರ ದೊಡ್ಡ ಪಾಡು. ಹಳ್ಳಿಯ ಹೆಂಗಸರು ಹಳೇ ಹತ್ತಿ ಸೀರೆಯೊಂದನ್ನು ತಂದಿರುತ್ತಾರೆ. ಇಬ್ಬರು ಎರಡು ತುದಿ ಹಿಡಿದು ಗೋಡೆಯಾಗಿ ನಿಲ್ಲುತ್ತಾರೆ, ಒಳಗೆ ಮೂರನೆಯವಳು ಬಟ್ಟೆ ಬದಲಿಸುತ್ತಾಳೆ. ಗುರುತಿಲ್ಲದ ಹುಡುಗಿ ಒದ್ದೆ ಬಟ್ಟೆಯಲ್ಲಿ ನಡುಗುತ್ತ ನಿಂತಿದ್ದರೆ “ಬಾರಮ್ಮಾ ಇತ್ತ” ಎಂದು ಅವಳನ್ನೂ ಒಳಗೆ ಕರೆದುಕೊಳ್ಳುತ್ತಾರೆ. ಅಪರಿಚಿತರ ಜೊತೆ ಮಾತಾಡಬೇಡಿ ಎಂದು ಬರೆಯುವವರು ಒಮ್ಮೆ ಈ ಸೀರೆಯ ಗೋಡೆಯನ್ನು ನೋಡಬೇಕು.

ಬಸ್ಸಿನ ವಿಷಯ ಗಡಿಯ ಹೆಂಗಸರಿಗೆ ಬಾಯಿಪಾಠ. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿನಿಂದ ಸಾಮಾನ್ಯ ದರದ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ದೂರದ ಬಸ್ಸಿಗೆ ಕೊಡಬೇಕು. ಕರ್ನಾಟಕದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು; ರಾಜ್ಯದ ನಿವಾಸಿ ಎಂದು ತೋರಿಸುವ ಗುರುತಿನ ಚೀಟಿ ಇದ್ದರೆ ಶೂನ್ಯ ಟಿಕೆಟ್. ಬೆಂಗಳೂರಿನ ಮಾರುಕಟ್ಟೆಯಿಂದ ಬಿಎಂಟಿಸಿಯಲ್ಲಿ ಅತ್ತಿಬೆಲೆಗೆ ಬಂದು, ಗಡಿ ದಾಟಿ, ಜೂಜುವಾಡಿಯ ಕಡೆಯಿಂದ ಟೌನ್ ಬಸ್ಸು ಹತ್ತಿ ಹೊಸೂರು ಸೇರುವ ಹೆಂಗಸರು ಎರಡು ಸರಕಾರಗಳ ನಿಯಮವನ್ನೂ ಯಾವ ಅಧಿಕಾರಿಗಿಂತ ಚೆನ್ನಾಗಿ ಬಲ್ಲರು. ಉಳಿದ ದುಡ್ಡಲ್ಲಿ ಮೊದಲು ಏನು ಮಾಡಿದಿರಿ ಎಂದು ಕೇಳಿದರೆ ತವರು, ಆಸ್ಪತ್ರೆ, ಧರ್ಮಸ್ಥಳ ಎನ್ನುತ್ತಾರೆ. ಹೊಸೂರಿನ ಹೆಂಗಸರು ಚಂದ್ರಚೂಡೇಶ್ವರನ ಬೆಟ್ಟ ಎನ್ನುತ್ತಾರೆ. ಅಲ್ಲಿ ಸಂಜೆ ಮೆಟ್ಟಿಲ ಮೇಲೆ ಕೂತರೆ ಕಾರ್ಖಾನೆಗಳ ದೀಪ ಒಂದೊಂದಾಗಿ ಹೊತ್ತಿಕೊಳ್ಳುವುದು ಕಾಣುತ್ತದೆ.

ಆ ಕಾರ್ಖಾನೆಗಳಲ್ಲೊಂದು ಟಿವಿಎಸ್. 1980ರಲ್ಲಿ ಈ ಕಂಪನಿಯ ಟಿವಿಎಸ್ 50 ಮೊಪೆಡ್ ಹೊಸೂರಿನಿಂದಲೇ ಹೊರಬಂತು. ಹೂವಿನ ಬುಟ್ಟಿ, ಹಾಲಿನ ಕ್ಯಾನು, ಹೆಂಡತಿ, ಮಕ್ಕಳು ಎಲ್ಲರೂ ಅದರ ಮೇಲೆ ಹೋದರು. ಹೆಂಡತಿ ಹಿಂದೆ ಕೂತು ಹೋದಳು. ಆಮೇಲೆ ಬಂದ ಸ್ಕೂಟಿ ಅವಳನ್ನು ಮುಂದಕ್ಕೆ ಕೂರಿಸಿತು. 2015ರಲ್ಲಿ ಅನಮ್ ಹಾಶಿಮ್ ಎಂಬ ಹುಡುಗಿ ಇದೇ ಕಂಪನಿಯ 110 ಸಿಸಿಯ ಸ್ಕೂಟಿ ಜೆಸ್ಟ್ ಓಡಿಸಿಕೊಂಡು ಲಡಾಖಿನ ಖರ್ದುಂಗ್ ಲಾ ಕಣಿವೆಮಾರ್ಗ ಏರಿದಳು. ಖರ್ದುಂಗ್ ಲಾ ಬೇಡ, ಮತ್ತಿಗಿರಿಯ ರಸ್ತೆಯಲ್ಲಿ ಬೆಳಿಗ್ಗೆ ನಿಂತರೆ ಸಾಕು. ಗಾಡಿಯ ಮುಂದೆ ಮಗು, ಹಿಂದೆ ಅತ್ತೆ, ಕೊಕ್ಕೆಗೆ ಊಟದ ಚೀಲ ನೇತುಹಾಕಿಕೊಂಡು ಹೋಗುವವರು ಸಾಲುಸಾಲು. ಸ್ಕೂಟರಿನ ಮುಂಭಾಗದಲ್ಲಿ, ಕಾಲಿಡುವ ಜಾಗದ ಮೇಲೆ, ಚೀಲಕ್ಕೊಂದು ಕೊಕ್ಕೆ ಬೇಕೆಂದು ಹೊಳೆದ ಎಂಜಿನಿಯರಿಗೆ ನಮಸ್ಕಾರ. ಅಂಥವರೊಬ್ಬರು ಬಸ್ ನಿಲ್ದಾಣಗಳ ನಕ್ಷೆ ಬರೆಯುವ ಕಚೇರಿಗೂ ಬೇಕು.

ಪಾಳಿ ಮುಗಿಸಿ ಕಂಪನಿಯ ಬಸ್ಸಿನಲ್ಲಿ ನಿದ್ದೆಹೋಗುವ ಹುಡುಗಿಯರು ಈ ಊರಿಗೆ ಬಂದಿರುವುದು ಎಷ್ಟೋ ದೂರದಿಂದ. ಮನೆ ಬಿಟ್ಟು, ಹಾಸ್ಟೆಲು ಸೇರಿ, ಗೊತ್ತಿಲ್ಲದ ಭಾಷೆಯಲ್ಲಿ ತಿಂಡಿ ಕೇಳಿ ಕಲಿತವರು. ಅವರನ್ನು ಯಾರೂ ಪ್ರವಾಸಿಗಳೆಂದು ಕರೆಯುವುದಿಲ್ಲ. ವಾರದ ರಜೆಯ ದಿನ ಅವರು ಹೊಸ ಚೂಡಿದಾರ ತೊಟ್ಟು, ಗುಂಪಾಗಿ ಅಣೆಕಟ್ಟಿನ ಪಾರ್ಕಿಗೋ ಬೆಟ್ಟಕ್ಕೋ ಹೋಗಿ ಐಸ್‌ಕ್ರೀಂ ತಿಂದು ಬರುತ್ತಾರೆ. ಒಂದು ದಿನದಲ್ಲಿ, ಕೈಯಲ್ಲಿರುವ ಸ್ವಲ್ಪ ದುಡ್ಡಿನಲ್ಲಿ ಎಲ್ಲಿಗೆ ಹೋಗಿಬರಬಹುದು ಎಂಬ ಅವರ ತಿಳಿವಳಿಕೆ ಬರಹಕ್ಕೆ ಇಳಿಯಬೇಕು. ಕನ್ನಡದ ಪತ್ರಿಕೆಗಳು ಅವರನ್ನು ಕೇಳಿ ಬರೆಸಲಿ.

ಇನ್ನೊಂದು ಮಾತು ಅಮ್ಮಂದಿರದು. ತಿರುಪತಿ, ಧರ್ಮಸ್ಥಳ, ಮಗಳ ಬಾಣಂತನ ಬಿಟ್ಟರೆ ಎಲ್ಲಿಗೂ ಹೋಗದವರು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಹರಕೆ ಬೇಡದ ಒಂದು ಪ್ರಯಾಣ ಸಿಗಬೇಕು, ಸುಮ್ಮನೆ ಹೋಗಿ ನೋಡಿ ಬರುವಂಥದ್ದು. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ರಾಜಾಜಿ 1878ರಲ್ಲಿ ಹುಟ್ಟಿದ ಮನೆ ಸ್ಮಾರಕವಾಗಿ ಉಳಿದಿದೆ, ಅಲ್ಲಿ ನಿಧಾನವಾಗಿ ಒಂದು ಗಂಟೆ ಕಳೆಯಬಹುದು. ಜೂನ್–ಜುಲೈ ಹೊತ್ತಿಗೆ ಕೃಷ್ಣಗಿರಿಯಲ್ಲಿ ಅಖಿಲ ಭಾರತ ಮಾವು ಪ್ರದರ್ಶನ ನಡೆಯುತ್ತದೆ. ತೋತಾಪುರಿ, ನೀಲಂ, ಸೇಂದೂರ, ಮಲ್ಲಿಕಾ, ಇಮಾಮ್ ಪಸಂದ್ ಎಂದು ಜೋಡಿಸಿಟ್ಟ ತಟ್ಟೆಗಳನ್ನು ನೋಡುತ್ತ, ಒಂದೊಂದರ ಹೆಸರೂ ಹೇಳಿಕೊಂಡು ಹೋಗಬಹುದು. ಈ ಸಲ ಅಮ್ಮನನ್ನು ಕರೆದುಕೊಂಡು ಹೋಗಿ. ಹೊರಡುವಾಗ ಹೊಟ್ಟೆತುಂಬ ನೀರು ಕುಡಿಯಲು ಹೇಳಿ. ದಾರಿಯಲ್ಲಿ ಎಲ್ಲಿ ನಿಲ್ಲಬೇಕೆಂದು ನೀವು ಮೊದಲೇ ನೋಡಿಟ್ಟುಕೊಂಡಿರಿ.